ಮೌನದ ಮಠದಲ್ಲಿ ಪೀಣ್ಯದ ಗಂಟಲು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಈಗ ಯೂರೋಪಿನ ಅರ್ಧ ಚರ್ಚುಗಳು ಅಂಟಿಕೊಂಡಿವೆ. ಮೇಲಿನ ಸಾಲಿನಲ್ಲಿ ಬಿಷಪ್ಪರು ಕೂರುವ ದೊಡ್ಡ ದೊಡ್ಡ ಕೆಥೀಡ್ರಲ್‌ಗಳು, ಕೆಳಗೆ ಸನ್ಯಾಸಿಗಳ ಮಠಗಳು, ಹಿಡಿಕೆಯ ಪಕ್ಕದಲ್ಲಿ ತುದಿ ಮುರಿದ ಒಂದು ಗಂಟೆಗೋಪುರ. ಎಲ್ಲವೂ ಅಯಸ್ಕಾಂತದ ಬಿಲ್ಲೆಗಳು. ನನ್ನ ಹೆಂಡತಿ ಸುಶೀಲ ಇವನ್ನು ಊರೂರಿನಲ್ಲಿ ಭಕ್ತಿಯಿಂದ ಆರಿಸಿ ತಂದವಳು. ಈಗ ಅವುಗಳ ಕೆಳಗೆ ಕರೆಂಟು ಬಿಲ್ಲು, ಗ್ಯಾಸಿನ ಚೀಟಿ, ನೀರಿನ ಟ್ಯಾಂಕರಿನವನ ನಂಬರು ಸಿಕ್ಕಿಸಿದ್ದಾಳೆ. ಪ್ಲೇಗು, ಯುದ್ಧ, ಬೆಂಕಿ ಎಲ್ಲವನ್ನೂ ತಡೆದುಕೊಂಡು ನಿಂತ ಕಟ್ಟಡ ಬೆಂಗಳೂರಿನ ಲಗ್ಗೆರೆಯಲ್ಲಿ ಟ್ಯಾಂಕರಿನವನ ನಂಬರು ಹಿಡಿದು ನಿಂತಿದೆ. ಮಜ್ಜಿಗೆ ತೆಗೆಯಲು ಹೋದಾಗಲೆಲ್ಲ ನನಗೊಂದು ತೀರ್ಥಯಾತ್ರೆ. ಬಾಗಿಲು ತೆರೆದಿಟ್ಟುಕೊಂಡು ಹಾಗೇ ಯೋಚಿಸುತ್ತ ನಿಂತರೆ ಫ್ರಿಜ್ಜು ಕುಂಯ್ ಕುಂಯ್ ಎಂದು ಅಳುತ್ತದೆ. ಅದು ಹೀಗೆ ಅಳುತ್ತದೆಂದು ನನಗೆ ಗೊತ್ತಾದದ್ದು ತೀರ ಇತ್ತೀಚೆಗೆ.

ಯೂರೋಪಿಗೆ ಹೋಗಿಬಂದವರನ್ನು ಜನ ‘ಹೇಗಿತ್ತು?’ ಎಂದು ಕೇಳುತ್ತಾರೆ. ಕೇಳಿದವರಿಗೆ ಬೇಕಾದದ್ದು ಉತ್ತರವಲ್ಲ, ಚಾಕಲೇಟು. ಅದು ಮುಗಿದುಹೋಗಿರುವುದರಿಂದ ನಿಮಗೆ ಉತ್ತರವನ್ನೇ ಕೊಡಬೇಕಾಗಿದೆ. ಕಲ್ಲು ಚೆನ್ನಾಗಿತ್ತು. ಕಲ್ಲಿನ ಮೇಲೆ ಕಲ್ಲು, ಅದರ ಮೇಲೆ ಇನ್ನೊಂದು ಕಲ್ಲು, ಅದರ ಮೇಲೆ ಪಾರಿವಾಳ. ನಾವು ಹೋದ ಚರ್ಚುಗಳೆಲ್ಲ ನಮ್ಮನ್ನು ನೋಡಿಯೇ ರಿಪೇರಿಗೆ ಕೈಹಾಕಿದಂತೆ ಮುಂಭಾಗಕ್ಕೆ ಸಾರವೆ ಕಟ್ಟಿಕೊಂಡು ಬಟ್ಟೆ ಹೊದ್ದು ನಿಂತಿದ್ದವು. ಬಟ್ಟೆಯ ಮೇಲೆ ಚರ್ಚಿನ ಚಿತ್ರ ಬರೆದಿರುತ್ತಿದ್ದರು. ಅದರ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಂಡೆವು. ಒಂದೊಂದನ್ನು ಕಟ್ಟಲು ಇನ್ನೂರು ಮುನ್ನೂರು ವರ್ಷ ಹಿಡಿಯಿತೆಂದು ಕೇಳಿದ ಮೇಲೆ, ನಮ್ಮ ಬೀದಿಯ ಚರಂಡಿ ಅಗೆದು ಬಿಟ್ಟುಹೋದವರ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಪಾಪ, ಅವರೂ ಶತಮಾನಗಳ ಲೆಕ್ಕದಲ್ಲೇ ಕೆಲಸ ಮಾಡುತ್ತಿರಬಹುದು.

ನಾನು ಯಾರು ಎಂದು ಹೇಳಲೇ ಇಲ್ಲ. ಪೀಣ್ಯದಲ್ಲಿ ಒಂದು ತಗಡಿನ ಶೆಡ್ಡಿನೊಳಗೆ ಪವರ್ ಪ್ರೆಸ್ಸುಗಳನ್ನು ಇಟ್ಟುಕೊಂಡು ಜೀವಮಾನವೆಲ್ಲ ವಾಷರು ಹೊಡೆದವನು. ಹಾಳೆಯಂಥ ಕಬ್ಬಿಣವನ್ನು ಮಿಷನ್ನಿನ ಬಾಯಿಗೆ ಕೊಟ್ಟರೆ ಅದು ಧಡ್ ಎಂದು ಕಚ್ಚಿ ಬಿಲ್ಲೆ ಉಗುಳುತ್ತದೆ. ನಿಮ್ಮ ಸ್ಕೂಟರಿನ ಯಾವುದೋ ಮೂಲೆಯಲ್ಲಿ ನನ್ನದೊಂದು ವಾಷರು ಇದ್ದೀತು. ಕಳಚಿ ಬಿದ್ದಿದ್ದರೆ ಅದು ಬೇರೆ ಯಾರದೋ. ಈಗ ಶೆಡ್ಡನ್ನು ಪಾಲುದಾರನಿಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದೇನೆ, ಅಂದರೆ ಅಡುಗೆಮನೆಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೇನೆ.

ನಾನು ಹುಟ್ಟಿದಾಗ ಲಗ್ಗೆರೆ ಇನ್ನೂ ಹಳ್ಳಿ. ಪೀಣ್ಯಕ್ಕೆ ಮೊದಲ ದೊಡ್ಡ ಪ್ರೆಸ್ಸು ಬಂದ ದಿನ ನಮ್ಮಜ್ಜಿಯ ಅಡ್ಡಗೋಡೆಯ ಮೇಲಿದ್ದ ಹಿತ್ತಾಳೆ ಚೊಂಬುಗಳು ತಾವಾಗಿಯೇ ಟಿಣಿಟಿಣಿ ಅಂದವು. ಅಜ್ಜಿ ರಾಗಿ ಬೀಸುವುದನ್ನು ನಿಲ್ಲಿಸಿ, “ಭೂಮ್ತಾಯಿ ಮೈ ಮುರೀತಾವ್ಳೆ, ಸುಮ್ಕಿರ್ರೋ” ಎಂದು ಮಕ್ಕಳನ್ನೆಲ್ಲ ಗದರಿಸಿ ಹೊರಗೆ ಕೂರಿಸಿದಳು. ಭೂಮಿತಾಯಿ ಸಂಜೆಯ ಸೈರನ್ ಆಗುವವರೆಗೂ ಮೈ ಮುರಿದಳು. ಮಾರನೆಯ ದಿನ ಮತ್ತೆ ಮುರಿದಳು. ವಾರ ಕಳೆಯುವಷ್ಟರಲ್ಲಿ ಅಜ್ಜಿ ಚೊಂಬುಗಳ ಕೆಳಗೆ ಗೋಣಿತಾಟು ಹಾಸಿ, ಆ ಸದ್ದಿನ ಮೇಲೆಯೇ ಹಾಲು ಕಾಯಿಸುವ ಹೊತ್ತು ಹೇಳತೊಡಗಿದಳು. ನನಗೆ ಆ ಸದ್ದು ಬಹಳ ಇಷ್ಟವಾಗಿತ್ತು. ಮೀಸೆ ಚಿಗುರುವ ಹೊತ್ತಿಗೆ ಅದರ ಪಕ್ಕದಲ್ಲೇ ಹೋಗಿ ನಿಂತೆ.

ಪ್ರೆಸ್ ಶಾಪಿನಲ್ಲಿ ಕಿವಿಗೆ ಹಾಕಿಕೊಳ್ಳಲು ರಬ್ಬರಿನ ಬಿರಡೆ ಕೊಡುತ್ತಿದ್ದರು. ಅದನ್ನು ಕಿವಿಗೆ ಹಾಕಿಕೊಂಡವನನ್ನು ನಾನು ನೋಡಲಿಲ್ಲ. ಕೆಲವರು ಎಣ್ಣೆ ಬಾಟಲಿಯ ಬಾಯಿಗೆ ಹಾಕುತ್ತಿದ್ದರು, ಕೆಲವರು ಬೀಗದಕೈ ಗೊಂಚಲಿಗೆ ಶೋಭೆಗೆ ಕಟ್ಟುತ್ತಿದ್ದರು. ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಎಲ್ಲರ ಕಿವಿಯಲ್ಲೂ ಬಿರಡೆ, ಗೌರಿಹಬ್ಬದ ಓಲೆಯ ಹಾಗೆ. ಆತ ಗೇಟು ದಾಟಿದ ಕೂಡಲೇ ಮತ್ತೆ ಬಾಟಲಿಗೆ. ಕಿವಿ ಮುಚ್ಚಿಕೊಂಡು ಪ್ರೆಸ್ ಓಡಿಸುವವನು ಗಂಡಸೇ ಅಲ್ಲ ಎಂಬುದು ನಮ್ಮ ಸಿದ್ಧಾಂತ. ಆ ಸಿದ್ಧಾಂತಕ್ಕಾಗಿ ಎಲ್ಲರೂ ನಗುನಗುತ್ತ ಕಿವಿ ಕೊಟ್ಟೆವು.

ಆದ್ದರಿಂದ ನನಗೆ ಕಿವಿ ಸ್ವಲ್ಪ ಮಂದ. ಇದು ಸುಶೀಲಳ ವಾದ. ನನ್ನ ವಾದವೇನೆಂದರೆ ಈಗಿನ ಕಾಲದಲ್ಲಿ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಎಲ್ಲರೂ ಬಾಯೊಳಗೇ ಗೊಣಗುತ್ತಾರೆ, ಟೀವಿಯವರೂ ಸೇರಿ. ಇದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಯಾರು ಏನೇ ಅಂದರೂ ಅವರ ಮುಖ ನೋಡಿಕೊಂಡು, “ಹೂಂ, ಒಳ್ಳೇದಾಯ್ತು ಬಿಡು” ಅನ್ನುವುದು. ಲೋಕದ ವ್ಯವಹಾರದಲ್ಲಿ ಹತ್ತಕ್ಕೆ ಒಂಬತ್ತು ಸಲ ಇಷ್ಟು ಸಾಕಾಗುತ್ತದೆ. ಅವಳು ‘ಕಿವಿಗೊಂದು ಮಿಷನ್ ಹಾಕಿಸಿಕೊಳ್ಳಿ’ ಎನ್ನುವುದು, ನಾನು ‘ಅದೆಲ್ಲ ಮುದುಕರಿಗೆ’ ಎನ್ನುವುದು, ಇದು ನಮ್ಮ ಮನೆಯ ಸುಪ್ರಭಾತವಾಗಿತ್ತು. ಅವಳು ಕಾಫಿ ಬೇಕೇ ಎಂದು ಕೇಳಿದರೂ ಬೀದಿಗೆ ಕೇಳಿಸುತ್ತಿತ್ತು. ಮಹಡಿಯ ಮೇಲೆ ಬಾಡಿಗೆಗಿರುವ ರಾಯಚೂರು ಕಡೆಯ ಗಾರೆ ಕೆಲಸದ ಬಸವರಾಜ ಒಂದು ದಿನ ಹೆಂಡತಿಯನ್ನೂ ಕರೆದುಕೊಂಡು ಇಳಿದು ಬಂದು ಕೈಮುಗಿದ. “ಕಾಕಾರ, ದಿನಾ ಹಿಂಗ್ ಜಗಳಾ ಮಾಡಿದ್ರ ಹ್ಯಾಂಗ್ರೀ? ಕಾಕೂ ಭಾಳ ಚಲೋ ಮಂದಿ. ನೀವರ ಸುಮ್ಕಾಗ್ರಿ” ಎಂದ. ಸುಶೀಲ ನಕ್ಕು ಅವರಿಬ್ಬರಿಗೂ ಕಾಫಿ ಕೊಟ್ಟಳು. ನನಗೆ ಅವಮಾನವಾಯಿತು. ಆದರೂ ಮಿಷನ್ ಮಾತ್ರ ಬೇಡ ಎಂದೆ.

ಈ ಸುಶೀಲಳ ಗಂಟಲಿನ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅವಳು ಹಾಡುತ್ತಿದ್ದಳು. ಸಿನಿಮಾದವರಂತೆ ಅಲ್ಲ, ಪಾಠ ಕಲಿತವರಂತೆಯೂ ಅಲ್ಲ. ಅವಳ ತಾಯಿ ಕೊಟ್ಟ ಹಾಡುಗಳು, ಹಸೆಗೆ ಕರೆಯುವುದು, ಆರತಿ ಎತ್ತುವುದು, ಮಗು ಮಲಗಿಸುವುದು. ಪಕ್ಕದ ರಾಜಗೋಪಾಲನಗರದ ಭಜನಾ ಮಂಡಳಿಗೆ ಅವಳೇ ಮುಂದಾಳು. ಒಂದು ಗಣೇಶನ ಹಬ್ಬದಲ್ಲಿ ಕರೆಂಟು ಹೋಗಿ ಮೈಕು ಸತ್ತಾಗ, ಅವಳು ಬರಿಯ ಗಂಟಲಿನಲ್ಲಿ ಹಾಡು ಮುಂದುವರಿಸಿದಳು. ಬೀದಿಯ ಆ ತುದಿಯಲ್ಲಿ ಪಾನಿಪುರಿ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡೇ ಬಂದು ನಿಂತರು. ಆಗ ನನಗೂ ಕೇಳಿಸಿತ್ತು, ಎದೆ ಉಬ್ಬಿತ್ತು. ಯೂರೋಪಿಗೆ ಹೋಗುವುದಕ್ಕೆ ಸ್ವಲ್ಪ ಕಾಲ ಮೊದಲಿನಿಂದ ಅವಳು ಮಂಡಳಿಗೆ ಹೋಗುವುದನ್ನು ಬಿಟ್ಟಿದ್ದಳು. ಆ ಹೆಂಗಸರಲ್ಲಿ ಯಾವಾಗಲೂ ಒಂದಲ್ಲ ಒಂದು ಮುನಿಸು, ಅಂಥದ್ದೇನೋ ಇರಬೇಕು ಎಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಉತ್ತರವನ್ನೂ ಕೇಳಿಸಿಕೊಳ್ಳಬೇಕಾಗುತ್ತದಲ್ಲ.

ಯೂರೋಪಿಗೆ ಹೊರಟದ್ದೂ ಒಂದು ‘ಹೂಂ’ನಿಂದಲೇ. ಅವಳು ಏನೋ ಕೇಳಿದಳು, ನಾನು ಪೇಪರಿನಿಂದ ತಲೆಯೆತ್ತಿ “ಹೂಂ, ಒಳ್ಳೇದಾಯ್ತು ಬಿಡು” ಎಂದೆ. ಪಾಸ್‌ಪೋರ್ಟಿನ ಫೋಟೋ ತೆಗೆಸಲು ಹೊರಡಿಸಿದಾಗಲೇ ನಾನು ಏನಕ್ಕೆ ಒಪ್ಪಿದೆನೆಂದು ತಿಳಿದದ್ದು. ಚರ್ಚುಗಳು, ಮಠಗಳನ್ನೇ ಮುಖ್ಯವಾಗಿ ತೋರಿಸುವ ಪ್ರವಾಸವಂತೆ. ನಾವು ಮಾರಮ್ಮನ ಒಕ್ಕಲು, ನಮಗೇಕೆ ಬಿಷಪ್ಪರ ಉಸಾಬರಿ ಎಂದರೆ, “ದೇವ್ರ ಮನೇಲಿ ಗಲಾಟೆ ಇರಲ್ಲ. ಸ್ವಲ್ಪ ದಿನ ನಿಶ್ಶಬ್ದವಾಗಿ ಇರೋಣ” ಎಂದು ಕಿರುಚಿದಳು.

ನಮ್ಮ ಗುಂಪಿನಲ್ಲಿ ಹೆಚ್ಚಿನವರು ಬೆಂಗಳೂರಿನ ಅಂಚಿನವರೇ. ಅವರಲ್ಲಿ ನನಗೆ ಹತ್ತಿರವಾದವರು ವೈಟ್‌ಫೀಲ್ಡ್ ಕಡೆಯ ಮುನಿರಾಜಪ್ಪ. ಅವರ ರಾಗಿ ಹೊಲದ ಮೇಲೆ ಈಗ ಗಾಜಿನ ಕಟ್ಟಡಗಳು ಎದ್ದಿವೆ, ಸೊಪ್ಪಿನ ಮಡಿಗಳ ಮೇಲೆ ಅವರದೇ ಪಿ.ಜಿ. ಹಾಸ್ಟೆಲುಗಳು. ಸಾಫ್ಟ್‌ವೇರಿನ ಹುಡುಗ ಹುಡುಗಿಯರನ್ನು ಅವರು ಈಗ ಒತ್ತಾಗಿ ನಾಟಿ ಮಾಡಿದ್ದಾರೆ. ಜೊತೆಗೆ ಅವರ ಹೆಂಡತಿ ಜಯಮ್ಮ. ನಮ್ಮನ್ನೆಲ್ಲ ಕಾಯುತ್ತಿದ್ದ ಟೂರ್ ಮ್ಯಾನೇಜರ್ ಪ್ರಭಾಕರ್ ತಲೆ ನರೆತ ಕನ್ನಡಿಗ, ಸಹನಾಮೂರ್ತಿ. ಆ ಸಹನೆಗೆ ಅಲ್ಲಿಯ ಯಾವ ಸಂತನೂ ಸಮನಲ್ಲ.

ಮೊದಲ ಕೆಥೀಡ್ರಲ್ಲಿನ ಹೆಸರು ಹೇಳಲು ಹೋದರೆ ನನ್ನ ಹಲ್ಲುಸೆಟ್ಟು ಬೀಳುತ್ತದೆ, ಬಿಡಿ. ಪ್ರಭಾಕರ್ ಟಿಕೆಟ್ಟಿಗೆ ಹೋದರು. ಅವರು ಬರುವಷ್ಟರಲ್ಲಿ ಸುಶೀಲ ಮೆಟ್ಟಿಲ ಮೇಲೆ ಕೂತು ಹೊಸ ಶೂ ಬಿಚ್ಚಿ, ಸಾಕ್ಸನ್ನು ಅದರೊಳಗೆ ತುರುಕಿ, ಬಾಗಿಲ ಪಕ್ಕ ಜೋಡಿಸಿಟ್ಟಳು. ಅವಳನ್ನು ನೋಡಿ ಜಯಮ್ಮ, ಜಯಮ್ಮನನ್ನು ನೋಡಿ ಉಳಿದವರು. ಸಂತರ ಮೂರ್ತಿಗಳು ಸಾಲಾಗಿ ನಿಂತ ಆ ಬಾಗಿಲ ಕೆಳಗೆ ನಮ್ಮ ಶೂಗಳೂ ಸಾಲಾಗಿ ನಿಂತವು. ಇದೇ ಇಲ್ಲಿಯ ನಿಯಮವಿರಬೇಕೆಂದು ಭಾವಿಸಿ ಯಾವುದೋ ಬೇರೆ ದೇಶದ ಕುಟುಂಬವೊಂದು ಗಾಬರಿಯಿಂದ ತಾನೂ ಬಿಚ್ಚತೊಡಗಿತು.

“ಅಯ್ಯೋ ಅಮ್ಮ, ಇಲ್ಲಿ ಹಾಗೆಲ್ಲ ಇಲ್ಲ, ಹಾಕ್ಕೊಳಿ. ನೆಲ ಐಸು ಇದ್ದಂಗಿದೆ” ಎಂದು ಪ್ರಭಾಕರ್ ಓಡಿಬಂದರು.

“ದ್ಯಾವ್ರು ಯಾರಾದ್ರೇನು ಸಾಮಿ, ಗುಡಿ ಗುಡೀನೇ ಅಲ್ವಾ?” ಎಂದರು ಮುನಿರಾಜಪ್ಪ. “ಎಕ್ಕಡ ಆಕ್ಕೊಂಡು ಒಳೀಕೆ ಓದ್ರೆ ಅದ್ಯಾವ್ ಮರ್ವಾದೆ? ಆದ್ರೆ ಶೂ ಕಾಯೋಕೆ ಯಾರವ್ರೆ ಇಲ್ಲಿ? ಟೋಕನ್ ಕೊಡಾಕಿಲ್ವಾ?”

ಟೋಕನ್ ಇಲ್ಲವೆಂದು ತಿಳಿದ ಕೂಡಲೇ ಮುನಿರಾಜಪ್ಪ ತಮ್ಮ ಶೂಗಳನ್ನು ಕಂಕುಳಲ್ಲಿ ಇರುಕಿಕೊಂಡು ದೇವರ ಸನ್ನಿಧಿಗೆ ನಡೆದರು. ನಾನೂ ಬರಿಗಾಲಲ್ಲಿ ಹೋದೆ. ಚಳಿ ಅಂಗಾಲಿನಿಂದ ಮೊಣಕಾಲಿಗೆ ಏರಿತು, ನನ್ನ ಭಕ್ತಿ ಅಲ್ಲಿಗೇ ನಿಂತಿತು. ಮರುದಿನದಿಂದ ಎಲ್ಲರೂ ಶೂ ಹಾಕಿಕೊಂಡೇ ಹೋದೆವು, ಸುಶೀಲ ಒಬ್ಬಳನ್ನು ಬಿಟ್ಟು.

ಅವತ್ತು ಒಳಗೆ ಇನ್ನೊಂದು ಪ್ರಮಾದವಾಯಿತು. ಆ ಎತ್ತರ, ಬಣ್ಣದ ಗಾಜಿನಿಂದ ಇಳಿಯುವ ಬೆಳಕು, ಮೋಂಬತ್ತಿ ಹಚ್ಚುತ್ತಿದ್ದ ಮುದುಕಿಯರು, ಎಲ್ಲ ನೋಡಿ ನನಗೂ ಏನೋ ಹೇಳಬೇಕೆನ್ನಿಸಿತು. ಸುಶೀಲಳ ಕಿವಿಗೆ ಬಗ್ಗಿ ಪಿಸುಗುಟ್ಟಿದೆ: “ಇಷ್ಟ್ ದೊಡ್ಡ ರೂಫಿಗೆ ಕಂಬ ಕಮ್ಮಿ ಅನ್ಸಲ್ವಾ?” ಪೀಣ್ಯದಲ್ಲಿ ಅದು ಪಿಸುಮಾತೇ. ಅಲ್ಲಿ ಅದು ಗುಮ್ಮಟಕ್ಕೆ ಬಡಿದು, ಮೂಲೆ ಮೂಲೆ ಸುತ್ತಿ, ನಾನು ಕಳಿಸಿದ್ದಕ್ಕಿಂತ ದೊಡ್ಡದಾಗಿ ವಾಪಸು ಬಂತು. ಪ್ರಾರ್ಥನೆ ಮಾಡುತ್ತಿದ್ದ ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ಕರಿ ನಿಲುವಂಗಿಯವನೊಬ್ಬ ಬಂದು ತುಟಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತ ನಿಂತ. ಶಾಲೆಯಲ್ಲಿ ನಮ್ಮ ಮೇಷ್ಟ್ರು ‘ಬಾಯಿ ಮೇಲೆ ಬೆರಳು’ ಎಂದಾಗ ಮಾಡುತ್ತಿದ್ದ ಹಾಗೆ ನಾನು ತಟ್ಟನೆ ಬೆರಳನ್ನು ತುಟಿಗಿಟ್ಟೆ, ಇನ್ನೊಂದು ಕೈಯನ್ನು ಕಂಕುಳಿಗೆ ಕಟ್ಟಿದೆ. ಇಬ್ಬರೂ ಹಾಗೇ ಸ್ವಲ್ಪ ಹೊತ್ತು ನಿಂತೆವು.

ಮರುದಿನ ಪ್ರಭಾಕರ್ ಎಲ್ಲರಿಗೂ ಒಂದೊಂದು ಸಣ್ಣ ಪೆಟ್ಟಿಗೆ ಹಂಚಿದರು. ಕೊರಳಿಗೆ ನೇತುಹಾಕಿಕೊಂಡು ಅದರ ತಂತಿಯ ತುದಿಯನ್ನು ಕಿವಿಗೆ ಸಿಕ್ಕಿಸಿಕೊಳ್ಳಬೇಕು. ಅವರ ಕೈಯಲ್ಲಿ ಒಂದು ಪುಟ್ಟ ಮೈಕು. ಅವರು ಅಷ್ಟು ದೂರದಲ್ಲಿ ನಿಂತು ಮೆಲ್ಲಗೆ ಮಾತಾಡಿದರೂ ನಮ್ಮ ನಮ್ಮ ಕಿವಿಯಲ್ಲಿ ಕೇಳಿಸುತ್ತದೆ, ದೇವರ ಮನೆಯ ಶಾಂತಿ ಕೆಡುವುದಿಲ್ಲ. ಇದು ಎಲ್ಲ ಗುಂಪಿಗೂ ಕೊಡುವ ಪದ್ಧತಿ ಎಂದು ಅವರು ಹೇಳಿದರು. ಹೇಳುವಾಗ ನನ್ನ ಕಡೆ ನೋಡುತ್ತಿದ್ದರು. ನಾನು ಪೆಟ್ಟಿಗೆಯ ತಿರುಪನ್ನು ತುದಿಮುಟ್ಟ ತಿರುಗಿಸಿಟ್ಟುಕೊಂಡೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಪ್ರಭಾಕರ್ ನನ್ನ ತಲೆಯೊಳಗೇ ಕೂತು ಮಾತಾಡಿದರು. ವಾಕ್ಯಗಳಿಗೆ ಒಂದು ಕೊನೆ ಇರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಅವರು ನೀರು ಕುಡಿದರೆ ಗುಟುಕರಿಸುವ ಸದ್ದು, ಪುಟ ಮಗುಚಿದರೆ ಸರಕ್ಕೆನ್ನುವ ಸದ್ದು. ಯಾವ ರಾಜ ಯಾವ ಬಿಷಪ್ಪನ ತಲೆ ತೆಗೆಸಿದ, ಯಾವ ಸಂತನ ಮೂಳೆ ಯಾವ ಪೆಟ್ಟಿಗೆಯಲ್ಲಿದೆ, ಎಲ್ಲ ನನಗೆ ಬಾಯಿಪಾಠವಾಯಿತು. ಬಸ್ಸಿನಲ್ಲಿ ಅವರು ಕೇಳಿದ ಪ್ರಶ್ನೆಗಳಿಗೆಲ್ಲ ನಾನೇ ಮೊದಲು ಕೈಯೆತ್ತುತ್ತಿದ್ದೆ. ಖುಷಿಯಾಗಿದ್ದೆ, ಸುಳ್ಳೇಕೆ ಹೇಳಲಿ. ಆ ಖುಷಿಯಲ್ಲಿಯೇ ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಸುಶೀಲಳಿಗೆ ಬುದ್ಧಿ ಹೇಳಿದೆ.

“ನೋಡು, ಮಾತಾಡೋದು ಅಂದ್ರೆ ಹಿಂಗೆ. ಪ್ರಭಾಕರ್ ಅವ್ರನ್ನ ನೋಡಿ ಕಲ್ತ್ಕೋ. ಎಷ್ಟ್ ಮೆಲ್ಲಗೆ, ಎಷ್ಟ್ ಕ್ಲಿಯರ್ರಾಗಿ! ನೀವೆಲ್ಲಾ ಒಂದೋ ಗೊಣಗ್ತೀರಾ, ಇಲ್ಲಾ ಕಿರುಚ್ತೀರಾ.”

ಅವಳು ಚಮಚವನ್ನು ಅರ್ಧದಲ್ಲೇ ನಿಲ್ಲಿಸಿದಳು. ನನ್ನ ಕಿವಿಯಲ್ಲಿ ಆಗಲೂ ಸಿಕ್ಕಿಕೊಂಡಿದ್ದ ಆ ಗುಂಡಿಯನ್ನು, ಅದರಿಂದ ಇಳಿದ ತಂತಿಯನ್ನು, ಕೊರಳಿನ ಪೆಟ್ಟಿಗೆಯನ್ನು ಒಂದೊಂದಾಗಿ ನೋಡಿದಳು. ತಲೆ ತಗ್ಗಿಸಿ ಸೂಪು ಕುಡಿದಳು. ನನ್ನ ಮಾತು ಅವಳಿಗೆ ನಾಟಿತೆಂದು ನಾನು ಬೀಗಿದೆ.

ಮಾರನೆಯ ದಿನವೇ ನಾವು ಮೌನದ ಮಠಕ್ಕೆ ಹೋದದ್ದು. ಬೆಟ್ಟದ ಬುಡದಲ್ಲಿ ಒಂದು ಹಳೆಯ ಮಠ, ಈಗಲೂ ಒಂದಿಷ್ಟು ಸನ್ಯಾಸಿಗಳು ಇದ್ದಾರೆ. ಅವರು ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ಹಿಂದಿನ ಕಾಲದಲ್ಲಿ ರೊಟ್ಟಿ ಬೇಕೆಂದರೂ ಉಪ್ಪು ಬೇಕೆಂದರೂ ಕೈಸನ್ನೆಯಲ್ಲೇ ಕೇಳುತ್ತಿದ್ದರಂತೆ. ಇದರಲ್ಲಿ ನನಗೇನೂ ಅತಿಶಯ ಕಾಣಲಿಲ್ಲ. ನಮ್ಮ ಶೆಡ್ಡಿನಲ್ಲೂ ಟೀಗೆ ಒಂದು ಸನ್ನೆ, ಮಿಷನ್ ನಿಲ್ಲಿಸಲು ಒಂದು ಸನ್ನೆ, ಮೇಸ್ತ್ರಿ ಬಂದನೆಂದು ಹೇಳಲು ಒಂದು ಸನ್ನೆ, ಅದು ಇಲ್ಲಿ ಬರೆಯುವಂಥದ್ದಲ್ಲ. ಪ್ರವಾಸಿಗಳೂ ಬಾಯಿ ಮುಚ್ಚಿಕೊಂಡಿರಬೇಕೆಂದು ಬಾಗಿಲಲ್ಲೇ ಬೋರ್ಡು ಇತ್ತು.

ಸನ್ಯಾಸಿಗಳ ಹಳೆಯ ಕೋಣೆಗಳನ್ನು ತೋರಿಸಿದರು. ಒಂದು ಹಲಗೆ ಮಂಚ, ಒಂದು ಕಿಟಕಿ, ಗೋಡೆಗೊಂದು ಶಿಲುಬೆ. ಇಂಥ ಕಡೆ ಬಂದು ಮನುಷ್ಯ ಸಕಲವನ್ನೂ ತೊರೆದು ದೇವರನ್ನು ಹುಡುಕಿದನೆಂದು ಪ್ರಭಾಕರ್ ಕಿವಿಯಲ್ಲಿ ಹೇಳುತ್ತಿದ್ದರೆ ನನಗೆ ಮೈ ಜುಮ್ಮೆಂದಿತು. ಮುನಿರಾಜಪ್ಪ ಕೈಯಗಲಿಸಿ ಗೋಡೆಯಿಂದ ಗೋಡೆಗೆ ಅಳೆದರು.

“ಸಿಂಗಲ್ ಸೇರಿಂಗು” ಎಂದರು ತಗ್ಗಿದ ದನಿಯಲ್ಲಿ, ನನ್ನ ಇನ್ನೊಂದು ಕಿವಿಗೆ ಬಾಯಿಟ್ಟು. “ಇಲ್ಲೇ ಎಲ್ಡು ಮಂಚ ಆಕ್ಬೋದಿತ್ತು. ಬಾತ್ರೂಮ್ ಆಚ್ಕಡೆ. ಊಟಕ್ಕೆ ಟೈಮು, ಮಾಂಸ ತಿನ್ನಂಗಿಲ್ಲ, ಗಲಾಟೆ ಮಾಡಂಗಿಲ್ಲ, ಹೆಣ್ಮಕ್ಳು ಬರಂಗಿಲ್ಲ. ನಮ್ ಪಿ.ಜಿ. ಬೋರ್ಡ್ನಾಗೂ ಇದೇಯಾ ಬರ್ಸಿರೋದು ಗುರುವೇ. ಒಬ್ನೂ ಕೇಳಾಕಿಲ್ಲ. ಇವ್ರು ಅದೆಂಗ್ ಕೇಳ್ಸಿದ್ರೋ!”

ಕೋಣೆಗಳ ಆಚೆಗೆ ಆ ಮಠದ ಹೃದಯವಿತ್ತು. ನಡುವೆ ಹುಲ್ಲು ಬೆಳೆಸಿದ ಚೌಕ ಅಂಗಳ, ಅದರ ನಾಲ್ಕೂ ಕಡೆ ಕಮಾನುಗಳ ಜಗಲಿ. ಇಂಗ್ಲಿಷಿನಲ್ಲಿ ಕ್ಲಾಯಿಸ್ಟರ್ ಎನ್ನುತ್ತಾರೆ. ನಮ್ಮ ತೊಟ್ಟಿಮನೆಯನ್ನೇ ಯಾರೋ ಪುರುಸೊತ್ತಾಗಿ ಕಲ್ಲಿನಲ್ಲಿ ಕೆತ್ತಿದ ಹಾಗಿತ್ತು. ಸನ್ಯಾಸಿಗಳು ಇಲ್ಲಿ ಸುತ್ತುತ್ತ ಧ್ಯಾನ ಮಾಡುತ್ತಿದ್ದರೆಂದು ಪ್ರಭಾಕರ್ ಹೇಳಿ ಮುಗಿಸುವುದಕ್ಕೆ ಮೊದಲೇ ಸುಶೀಲ ಮತ್ತು ಜಯಮ್ಮ ಸೆರಗು ಹೊದ್ದು, ಕೈಮುಗಿದು, ಅಂಗಳವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಶುರುಮಾಡಿಬಿಟ್ಟಿದ್ದರು. ಉಳಿದ ನಾವೂ ಹಿಂಬಾಲಿಸಿದೆವು. ನಮಗೆ ಎದುರಾಗಿ ಬರುತ್ತಿದ್ದ ಬಿಳಿಯರು ತಾವೇ ತಪ್ಪು ದಿಕ್ಕಿನಲ್ಲಿದ್ದೇವೆಂದು ನಾಚಿ ತಿರುಗಿದರು. ದೂರದ ಮೂಲೆಯಲ್ಲಿ ಹೂಕುಂಡಕ್ಕೆ ನೀರು ಹಾಕುತ್ತಿದ್ದ ವಯಸ್ಸಾದ ಸನ್ಯಾಸಿ ನಮ್ಮನ್ನು ನೋಡಿ, ಏನೂ ಆಗಿಲ್ಲವೆಂಬಂತೆ ಮುಂದಿನ ಕುಂಡಕ್ಕೆ ಹೋದ.

ಆಮೇಲೆ ಪ್ರಭಾಕರ್ ನಮಗೆ ಸ್ವಲ್ಪ ಬಿಡುವು ಕೊಟ್ಟರು. ಎಲ್ಲರೂ ಜಗಲಿಯ ಉದ್ದಕ್ಕೂ ಅಲ್ಲಲ್ಲಿ ಚದುರಿದರು. ಬಿಸಿಲು ಒಂದು ಕಡೆಯ ಕಮಾನುಗಳೊಳಗೆ ಇಳಿದಿತ್ತು. ನಾನು ಅಲ್ಲಿ ಕಟ್ಟೆಯ ಮೇಲೆ ಕೂತು, ಇಂಥ ಕಂಬವನ್ನು ಈಗಿನ ಕಂಪ್ಯೂಟರ್ ನಡೆಸುವ ಸಿ.ಎನ್.ಸಿ. ಮಿಷನ್ನಿನಲ್ಲಿ ಕಡೆಯಲು ಸಾಧ್ಯವೇ ಎಂದು ಯೋಚಿಸುತ್ತಿದ್ದೆ. ಅಂಗಳದ ಆಚೆ ದಡದಲ್ಲಿ ಸುಶೀಲ ಪ್ರಭಾಕರ್ ಹತ್ತಿರ ಏನೋ ಕೇಳುತ್ತಿರುವುದು ಕಂಡಿತು. ಅವರು ಹಿಂದೆಮುಂದೆ ನೋಡಿ, ಮೈಕನ್ನು ಅವಳ ಕೈಗೆ ಕೊಟ್ಟು ಹೊರನಡೆದರು. ಅವಳು ನನಗೆ ಎದುರಾಗಿ, ಹುಲ್ಲಿನ ಆಚೆಯ ಕಟ್ಟೆಯ ಮೇಲೆ ಬರಿಗಾಲು ಮಡಿಚಿ ಕೂತಳು.

“ಏನ್ರೀ, ಕೇಳಿಸ್ತಿದ್ಯಾ?”

ನಾನು ಬೆಚ್ಚಿಬಿದ್ದೆ. ದನಿ ನನ್ನ ತಲೆಯೊಳಗೆ, ಹೆಂಡತಿ ಅಷ್ಟು ದೂರದಲ್ಲಿ.

“ತಲೆ ಆಡ್ಸಿದ್ರಿ, ಅಂದ್ರೆ ಕೇಳಿಸ್ತಿದೆ. ನಾನ್ ಕಿರುಚ್ತಿಲ್ಲ, ನೋಡ್ಕೊಳಿ. ಮೆಲ್ಲಗೇ ಮಾತಾಡ್ತಿದೀನಿ, ನಿಮ್ ಪ್ರಭಾಕರ್ ಥರಾನೇ. ನೀವು ಕಿವಿಗೆ ಮಿಷನ್ ಹಾಕ್ಕೊಂಡು ಎಷ್ಟೋ ದಿನ ಆಯ್ತು. ಆಕಾಶ ಏನೂ ಬಿದ್ದಿಲ್ಲ. ಮುದುಕಾನೂ ಆಗಿಲ್ಲ, ಆಗಿರೋದಕ್ಕಿಂತ ಜಾಸ್ತಿ.”

ಕೈ ತಾನಾಗಿಯೇ ಕಿವಿಗೆ ಹೋಯಿತು. ಇದನ್ನು ಮಿಷನ್ ಎಂದು ನಾನು ಅಂದುಕೊಂಡೇ ಇರಲಿಲ್ಲ. ಎಲ್ಲರ ಕಿವಿಯಲ್ಲೂ ಇತ್ತಲ್ಲ.

“ತೆಗೀಬೇಡಿ, ಇನ್ನೊಂದ್ ಮಾತಿದೆ” ಎಂದಳು. ಅವಳು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. “ಗಂಟಲು ಡಾಕ್ಟ್ರ ಹತ್ರ ಹೋಗಿದ್ದೆ, ಹೋದ್ ವರ್ಷ. ಒಬ್ಳೇ ಹೋಗಿದ್ದೆ. ಅವ್ರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ‘ಮೇಡಂ, ನೀವು ಟೀಚರಾ? ಇಲ್ಲಾ ತರಕಾರಿ ಮಾರ್ತೀರಾ?’ ಅಂದ್ರು. ಎರಡೂ ಅಲ್ಲ ಸಾರ್, ಗಂಡ ಇದಾರೆ ಅಂದೆ.”

ಎಲ್ಲಿಂದಲೋ ಯಾರೋ ಪಕ್ಕನೆ ನಕ್ಕರು. ತಿರುಗಿ ನೋಡಿದರೆ ಜಗಲಿಯ ಉದ್ದಕ್ಕೂ ನಮ್ಮ ಗುಂಪಿನವರು ಒಬ್ಬೊಬ್ಬರೂ ಇದ್ದಲ್ಲೇ ನಿಂತಿದ್ದರು. ಎಲ್ಲರ ಕೈಯೂ ಕಿವಿಯ ಮೇಲೆ. ಆ ಮೈಕು ಒಬ್ಬರಿಗೆಂದು ಪ್ರತ್ಯೇಕವಾಗಿ ಮಾತಾಡುವುದಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಗಂಟಲೊಳಗೆ ಗಂಟಾಗಿದೆಯಂತೆ. ಕಿರುಚಿ ಕಿರುಚಿ ಆಗಿರೋದು. ಭಯ ಪಡೋ ಅಂಥದ್ದಲ್ಲ, ಆದ್ರೆ ಮುಂಚಿನ್ ಥರ ಹಾಡಕ್ಕಾಗಲ್ಲ ಅಂದ್ರು. ಅವತ್ತೇ ಬಂದು ನಿಮ್ಗೆ ಹೇಳ್ದೆ. ನೀವು ಪೇಪರ್ ಓದ್ತಾ ಕೂತಿದ್ರಿ. ‘ರೀ, ಇನ್ಮೇಲೆ ನಾನು ಹಾಡಕ್ಕಾಗಲ್ವಂತೆ’ ಅಂದೆ. ನೀವ್ ಏನಂದ್ರಿ ಗೊತ್ತಾ?”

ಗೊತ್ತಿರಲಿಲ್ಲ. ಆದರೆ ನಾನು ಯಾರಿಗೆ ಯಾವಾಗಲೂ ಏನು ಹೇಳುತ್ತೇನೆಂದು ನನಗೆ ಗೊತ್ತಿತ್ತು.

“‘ಹೂಂ, ಒಳ್ಳೇದಾಯ್ತು ಬಿಡು’ ಅಂದ್ರಿ.”

ಜಯಮ್ಮ ಒಂದು ಕಂಬಕ್ಕೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮುನಿರಾಜಪ್ಪ ನನ್ನ ಕಡೆ ನೋಡಲಾರದೆ ಮೇಲೆ ಛಾವಣಿ ನೋಡುತ್ತಿದ್ದರು. ನನಗೆ ಓಡಿಹೋಗಬೇಕೆನ್ನಿಸಿತು. ನಾಚಿಕೆ ಅಂದರೆ ನಾಚಿಕೆ. ಜನರ ಮುಂದೆ ಆದ ನಾಚಿಕೆ ಎಂದು ಮೊದಲು ಅಂದುಕೊಂಡೆ. ಜನರೆಲ್ಲ ಮಾಯವಾಗಿದ್ದರೂ ಅದು ಅಷ್ಟೇ ಇರುತ್ತಿತ್ತು.

“ಬೇಜಾರ್ ಮಾಡ್ಕೋಬೇಡಿ” ಎಂದಳು, ನನ್ನ ಮುಖ ಅಷ್ಟು ದೂರದಿಂದಲೇ ಓದಿಕೊಂಡವಳಂತೆ. “ಬೈಯೋಕೆ ಈಸ್ಕೊಂಡಿಲ್ಲ ಈ ಮೈಕು. ಒಂದ್ಸಲ ಹಾಡ್ತೀನಿ, ಕೇಳಿ. ಆಮೇಲೆ ಹೇಗಿತ್ತು ಅಂತ ನಿಜ ಹೇಳ್ಬೇಕು.”

ಅವಳು ಹಾಡಿದಳು. ಅವಳ ತಾಯಿ ಕಲಿಸಿದ ಹಸೆಯ ಹಾಡು. ನಮ್ಮ ಮದುವೆಯಲ್ಲಿ ಅವಳ ತಾಯಿಯೇ ಅದನ್ನು ಹಾಡಿದ್ದರು, ಆಮೇಲೆ ಬೀದಿಯ ಎಷ್ಟೋ ಮದುವೆಗಳಲ್ಲಿ ಇವಳು. ಕೆಳಗಿನ ಸ್ವರಗಳಲ್ಲಿ ದನಿ ಸ್ವಲ್ಪ ಒರಟಾಗಿದ್ದರೂ ನಡೆಯಿತು, ನನಗೆ ಧೈರ್ಯ ಬಂತು. ಮದುಮಗಳನ್ನು ಕೈಹಿಡಿದು ಕರೆಯುವ ಸಾಲಿನಲ್ಲಿ ಹಾಡು ಮೇಲಕ್ಕೆ ಏರಬೇಕು. ಹಿಂದೆ ಅವಳು ಆ ಜಾಗಕ್ಕೆ ಬಂದಾಗ ಮಂಡಳಿಯವರೆಲ್ಲ ಸುಮ್ಮನಾಗಿ ಅವಳೊಬ್ಬಳಿಗೇ ಬಿಡುತ್ತಿದ್ದರು. ಅಲ್ಲಿಗೆ ಬಂದಳು. ದನಿ ಸೀಳಿತು. ಮತ್ತೆ ಪ್ರಯತ್ನಿಸಿದಳು, ಬರಿಯ ಗಾಳಿ ಬಂತು. ಆ ಗಾಳಿಯನ್ನೂ ನಾನು ಸ್ಪಷ್ಟವಾಗಿ ಕೇಳಿಸಿಕೊಂಡೆ. ಅವಳು ಹಾಡನ್ನು ಅಷ್ಟಕ್ಕೇ ನಿಲ್ಲಿಸಿ, ಕೆಮ್ಮಿ, ಮೈಕನ್ನು ಮತ್ತೆ ಬಾಯಿಗೆ ಹಿಡಿದಳು.

“ಹೇಳಿ, ಹೇಗಿತ್ತು?”

ನಾನು ಎದ್ದು ನಿಂತೆ. ನನ್ನ ಹತ್ತಿರ ಮೈಕು ಇರಲಿಲ್ಲ. ನಡುವೆ ಅಷ್ಟಗಲ ಹುಲ್ಲು, ಅದರ ಮೇಲೆ ಕಾಲಿಡಬಾರದೆಂದು ಇನ್ನೊಂದು ಬೋರ್ಡು. ಸುತ್ತಿಕೊಂಡು ಹೋಗುವಷ್ಟು ತಾಳ್ಮೆ ನನಗಿರಲಿಲ್ಲ. ಎಷ್ಟೋ ಶತಮಾನಗಳಿಂದ ಯಾರೂ ದನಿಯೆತ್ತದ ಆ ಅಂಗಳದಲ್ಲಿ ನನಗಿದ್ದ ಒಂದೇ ಗಂಟಲಿನಿಂದ ಕೂಗಿದೆ.

“ಹೋಗಿದೆ ಕಣೇ! ನಿನ್ ಗಂಟಲು ಪೂರ್ತಿ ಹೋಗಿದೆ ಸುಶೀಲಾ!”

ಕಮಾನುಗಳೆಲ್ಲ ಅದನ್ನೇ ಹೇಳಿದವು. ಪಾರಿವಾಳಗಳು ಎದ್ದವು. ಸನ್ಯಾಸಿಯ ಕೈಯಲ್ಲಿದ್ದ ನೀರಿನ ಡಬ್ಬ ನೆಲಕ್ಕೆ ಬಿತ್ತು. ಸುಶೀಲ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು. ಆಮೇಲೆ ಅವಳ ದನಿ, ಒಡೆದದ್ದು, ಮೆತ್ತಗಿನದು, ನನ್ನ ಕಿವಿಯೊಳಗೆ ಬಂತು.

“ಅಂತೂ ಕೇಳಿಸ್ತಲ್ಲ. ಸಾಕು, ಇನ್ನು ಕಿರುಚ್ಬೇಡಿ. ನಿಮ್ ಗಂಟಲಾದ್ರೂ ಉಳೀಲಿ.”